ಲೀಸ್ ಕಾರಿಗೆ ಬದಲಾವಣೆ: ಒಪ್ಪಂದದಿಂದ ಒಪ್ಪಿಸುವವರೆಗೆ

ಲೀಸ್ ಮೇಲೆ ಪಡೆದ ಕಾರಿನ ಆರ್‌ಸಿಯನ್ನು ಒಮ್ಮೆ ತೆಗೆದು ನೋಡಿ. ಮಾಲೀಕರ ಹೆಸರಿನ ಸಾಲಿನಲ್ಲಿ ಸಾಮಾನ್ಯವಾಗಿ ಲೀಸ್ ಕಂಪನಿಯ ಹೆಸರಿರುತ್ತದೆ. ಕಂತು ನಿಮ್ಮ ಸಂಬಳದಿಂದ ಹೋಗುತ್ತದೆ, ಪೆಟ್ರೋಲ್ ನೀವು ಹಾಕಿಸುತ್ತೀರಿ, ಆಯುಧಪೂಜೆಯ ದಿನ ಕುಂಕುಮ ಹಚ್ಚುವವರೂ ನೀವೇ. ಕಾಗದದ ಮೇಲೆ ಮಾತ್ರ ಕಾರು ಇನ್ನೊಬ್ಬರದು. ಆದರೆ 1988ರ ಮೋಟಾರು ವಾಹನ ಕಾಯ್ದೆಯ ಕಲಂ 2(30)ರ ಪ್ರಕಾರ, ಲೀಸ್ ಒಪ್ಪಂದಕ್ಕೆ ಒಳಪಟ್ಟ ವಾಹನದ ವಿಷಯದಲ್ಲಿ ‘ಮಾಲೀಕ’ ಎಂದರೆ ಆ ಒಪ್ಪಂದದ ಮೇರೆಗೆ ವಾಹನವನ್ನು ವಶದಲ್ಲಿ ಇಟ್ಟುಕೊಂಡವರು. ಹಾಗಾಗಿ ಬದಲಾವಣೆ ಮಾಡಿಸಲು ಇನ್ನೊಬ್ಬರ ಅನುಮತಿ ಬೇಕು, ತಪ್ಪಾದರೆ ಹೊಣೆ ಮಾತ್ರ ಕಾರು ಇಟ್ಟುಕೊಂಡವರ ಮೇಲೆ ಬರುತ್ತದೆ. ಲೀಸ್ ಕಾರಿಗೆ ಏನನ್ನಾದರೂ ಹಾಕಿಸುವ ಮುನ್ನ ಈ ಎರಡನ್ನೂ ಒಟ್ಟಿಗೆ ನೆನಪಿಡಬೇಕು.

ಬೆಂಗಳೂರಿನಲ್ಲಿ ಕಚೇರಿಯ ಮೂಲಕ ಲೀಸ್ ಕಾರು ತೆಗೆದುಕೊಂಡು ನಾಲ್ಕು ವರ್ಷ ಓಡಿಸಿದವನು ನಾನು. ಮೊದಲ ತಿಂಗಳಲ್ಲೇ ಹಿಂಬದಿಯ ಕ್ಯಾಮೆರಾ ಹಾಕಿಸಿದೆ. ಅಂಗಡಿಯವರು ಡಿಕ್ಕಿ ಬಾಗಿಲಿಗೆ ರಂಧ್ರ ಕೊರೆಯುವಾಗ ನಾನು ಹೊರಗೆ ಕಾಫಿ ಕುಡಿಯುತ್ತಿದ್ದೆ. ನಾಲ್ಕು ವರ್ಷದ ನಂತರ ಕಾರು ಒಪ್ಪಿಸುವ ದಿನ ಆ ರಂಧ್ರದ ಸುತ್ತ ತುಕ್ಕು ಹಿಡಿದಿತ್ತು. ಇಡೀ ಬಾಗಿಲಿಗೆ ಬಣ್ಣ ಹೊಡೆಸುವ ಖರ್ಚನ್ನು ನನ್ನಿಂದಲೇ ವಸೂಲು ಮಾಡಿದರು, ಅದು ನ್ಯಾಯವೇ ಆಗಿತ್ತು. ಅಂದಿನಿಂದ ಸಹೋದ್ಯೋಗಿಗಳು ಯಾರೇ ಕೇಳಿದರೂ ಒಂದೇ ಅಳತೆಗೋಲು ಹೇಳುತ್ತೇನೆ: ಬಿಚ್ಚಿ ತೆಗೆದ ಮೇಲೆ ಗುರುತು ಉಳಿಯದಂಥದ್ದನ್ನು ಮಾತ್ರ ಹಾಕಿಸಿ. ಮುಂದಿನ ಹೆಜ್ಜೆಗಳೆಲ್ಲ ಈ ಅಳತೆಗೋಲನ್ನು ಬಳಸುವ ಕ್ರಮ.

ಮೊದಲ ಹೆಜ್ಜೆ: ಕಾರು ಬುಕ್ ಮಾಡುವಾಗಲೇ ಕೇಳಿ

ಇದು ಅತ್ಯಂತ ಲಾಭದ ಹೆಜ್ಜೆ, ಬಹಳ ಜನ ತಪ್ಪಿಸಿಕೊಳ್ಳುವುದೂ ಇದನ್ನೇ. ಕಾರು ಶೋರೂಮಿನಿಂದ ಹೊರಬರುವ ಮೊದಲು, ತಯಾರಕರ ಅಧಿಕೃತ ಆಕ್ಸೆಸರಿಗಳನ್ನು ಅದೇ ಇನ್‌ವಾಯ್ಸಿನಲ್ಲಿ ಸೇರಿಸಲು ಸಾಧ್ಯವೇ ಎಂದು ಎಚ್‌ಆರ್ ವಿಭಾಗವನ್ನೂ ಲೀಸ್ ಕಂಪನಿಯನ್ನೂ ಕೇಳಿ. ಅನೇಕ ಕಂಪನಿಗಳು ಒಂದು ಮಿತಿಯವರೆಗೆ ಒಪ್ಪುತ್ತವೆ. ಹಾಗೆ ಸೇರಿದರೆ ಮ್ಯಾಟ್, ಮಡ್‌ಫ್ಲ್ಯಾಪ್, ಸೀಟ್ ಕವರ್, ಅಲಾಯ್ ವ್ಹೀಲ್ ಎಲ್ಲವೂ ಕಾರಿನ ಭಾಗವಾಗುತ್ತವೆ. ಕಂತು ಸ್ವಲ್ಪ ಏರುತ್ತದೆ. ಆದರೆ ಬೇರೆಯಾಗಿ ಅನುಮತಿ ಕೇಳುವ, ಕೊನೆಯಲ್ಲಿ ಬಿಚ್ಚುವ ಗೋಜು ಇರುವುದಿಲ್ಲ, ವಾರಂಟಿಯ ಜಗಳವೂ ಇಲ್ಲ.

ಇನ್ನೊಂದು ಸರಳ ಲೆಕ್ಕವನ್ನೂ ಹಾಕಿ ನೋಡಿ. ಅದೇ ಕಾರಿನ ಕಡಿಮೆ ಬೆಲೆಯ ಮಾದರಿಯನ್ನು ತೆಗೆದುಕೊಂಡು ಹೊರಗಡೆ ಟಚ್‌ಸ್ಕ್ರೀನ್, ಕ್ಯಾಮೆರಾ, ಅಲಾಯ್ ವ್ಹೀಲ್ ಹಾಕಿಸುವ ಮೊತ್ತವನ್ನು, ಅವೆಲ್ಲ ಕಾರ್ಖಾನೆಯಿಂದಲೇ ಬರುವ ಮೇಲಿನ ಮಾದರಿಯ ಕಂತಿನ ವ್ಯತ್ಯಾಸದೊಂದಿಗೆ ಹೋಲಿಸಿ. ಲೀಸಿನಲ್ಲಿ ನೀವು ತುಂಬುವುದು ಕಾರಿನ ಪೂರ್ಣ ಬೆಲೆಯನ್ನಲ್ಲ. ಅವಧಿ ಮುಗಿದಾಗ ಉಳಿಯುವ ಅಂದಾಜು ಮೌಲ್ಯವನ್ನು ಕಳೆದು ಉಳಿದ ಭಾಗವನ್ನು, ಅದರ ಮೇಲಿನ ಬಡ್ಡಿ, ತೆರಿಗೆ ಸಹಿತ. ಹಾಗಾಗಿ ಮೇಲಿನ ಮಾದರಿ ಲೀಸಿನಲ್ಲಿ ಅನೇಕ ಸಲ ಅಷ್ಟು ದುಬಾರಿಯಾಗುವುದಿಲ್ಲ. ಹೊರಗಡೆ ಹಾಕಿಸಿದ ವಸ್ತುವಿಗಾದರೋ ಪೂರ್ತಿ ಹಣ ನಿಮ್ಮದೇ.

ಎರಡನೆಯ ಹೆಜ್ಜೆ: ಒಪ್ಪಂದದಲ್ಲಿ ಯಾವ ಸಾಲು ಹುಡುಕಬೇಕು

ಒಪ್ಪಂದ ಉದ್ದವಾಗಿರುತ್ತದೆ, ಇಂಗ್ಲಿಷಿನಲ್ಲಿರುತ್ತದೆ, ಬೇಸರ ತರಿಸುತ್ತದೆ. ಆದರೂ ನಾಲ್ಕು ಕಡೆ ಬೆರಳಿಟ್ಟು ಓದಲೇಬೇಕು. ಬದಲಾವಣೆ ಮತ್ತು ಹೆಚ್ಚುವರಿ ಜೋಡಣೆಯ ಬಗ್ಗೆ ಏನಿದೆ? ಅದರಲ್ಲಿ ‘ಲಿಖಿತ ಪೂರ್ವಾನುಮತಿ’ ಎಂಬ ಪದ ಸಾಮಾನ್ಯವಾಗಿ ಸಿಗುತ್ತದೆ. ವಿಮೆಯ ಪಾಲಿಸಿ ಯಾರ ಹೆಸರಿನಲ್ಲಿದೆ, ಯಾರು ನವೀಕರಿಸುತ್ತಾರೆ? ಕಾರು ಹಿಂದಿರುಗಿಸುವಾಗಿನ ಸ್ಥಿತಿಯ ಬಗ್ಗೆ, ಅಂದರೆ ಸಹಜ ಸವೆತ ಯಾವುದು, ಹಾನಿ ಯಾವುದು ಎಂಬ ಬಗ್ಗೆ ಏನು ಬರೆದಿದೆ? ಕೊನೆಯದಾಗಿ, ನೀವು ಹಾಕಿಸಿದ ವಸ್ತು ಕೊನೆಗೆ ಯಾರದಾಗುತ್ತದೆ? ಕೆಲವು ಒಪ್ಪಂದಗಳಲ್ಲಿ, ಬಿಚ್ಚಿದರೆ ಕಾರಿಗೆ ಹಾನಿಯಾಗುವ ಯಾವುದೇ ವಸ್ತು ಪರಿಹಾರವಿಲ್ಲದೆ ಕಂಪನಿಗೇ ಸೇರುತ್ತದೆ ಎಂದಿರುತ್ತದೆ. ದುಬಾರಿ ಸ್ಪೀಕರ್ ಹಾಕಿಸುವ ಮುನ್ನ ತಿಳಿದಿರಬೇಕಾದ ಸಾಲು ಅದು.

ತಿಂಗಳ ಲೆಕ್ಕದ ಚಂದಾ ಕಾರಾಗಿದ್ದರೆ ನಿಯಮ ಇನ್ನೂ ಬಿಗಿ. ಅಲ್ಲಿ ಮ್ಯಾಟ್, ಮೊಬೈಲ್ ಹಿಡಿಕೆ, ಪ್ಲಗ್ಗಿಗೆ ಚುಚ್ಚುವ ಸಾಧನ, ಇಷ್ಟಕ್ಕೇ ನಿಲ್ಲಿಸಿ. ಆರು ತಿಂಗಳ ಕಾರಿಗೆ ಹಣ ಸುರಿಯುವುದರಲ್ಲಿ ಅರ್ಥವಿಲ್ಲ.

ಮೂರನೆಯ ಹೆಜ್ಜೆ: ಕಾನೂನಿನ ಗೆರೆ

ಲೀಸ್ ಕಂಪನಿ ಒಪ್ಪಿದರೂ ಕಾನೂನು ಒಪ್ಪದ ಬದಲಾವಣೆಗಳಿವೆ. ಕಾಯ್ದೆಯ ಕಲಂ 52ರ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ಕೊಟ್ಟ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಕೇರಳದಿಂದ ಬಂದ ಪ್ರಕರಣವೊಂದರಲ್ಲಿ, ಇದನ್ನು ಸ್ಪಷ್ಟವಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ ಕಲಂ 182ಎ(4) ಪ್ರಕಾರ, ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಅಥವಾ ಎರಡೂ. ‘ಒಂದೊಂದು ಮಾರ್ಪಾಡಿಗೂ’ ಎಂಬುದನ್ನು ಗಮನಿಸಿ.

ಗಾಜಿನ ಫಿಲ್ಮ್ ವಿಚಾರದಲ್ಲಿ ಬೆಂಗಳೂರಿನ ಬಿಸಿಲು ಎಷ್ಟೇ ಇದ್ದರೂ ಎಚ್ಚರ ಬೇಕು. ಕೇಂದ್ರ ಮೋಟಾರು ವಾಹನ ನಿಯಮ 100ರ ಪ್ರಕಾರ ಮುಂದಿನ ಮತ್ತು ಹಿಂದಿನ ಗಾಜು ಶೇ. 70ರಷ್ಟು, ಪಕ್ಕದ ಗಾಜುಗಳು ಶೇ. 50ರಷ್ಟು ಬೆಳಕನ್ನು ಒಳಬಿಡಬೇಕು. 2012ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಕಪ್ಪು ಫಿಲ್ಮ್ ಅಂಟಿಸುವುದನ್ನು ನಿಷೇಧಿಸಿತು. ಆ ನಂತರ ನಿಯಮದ ಮಾತುಗಳು ಬದಲಾಗಿದ್ದರೂ ರಸ್ತೆಯಲ್ಲಿ ನಿಲ್ಲಿಸಿದ ಪೊಲೀಸರ ಎದುರು ವಾದ ಮಾಡಬೇಕಾದವರು ನೀವು. ಲೀಸ್ ಕಾರಿಗೆ ನನ್ನ ಸಲಹೆ: ಕ್ಲಿಪ್‌ನಿಂದ ಕೂರಿಸುವ, ಕಾರು ನಿಂತಾಗ ಮಾತ್ರ ಬಳಸುವ ಪರದೆ ಸಾಕು.

ಮುಂದಿನ ಬಂಪರಿಗೆ ಹಾಕುವ ಕಬ್ಬಿಣದ ಗಾರ್ಡ್ ಬೇಡವೇ ಬೇಡ. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಇವುಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಬರೆಯಿತು. ಅಪಘಾತವಾದಾಗ ಬಂಪರ್ ಕುಸಿದು ಹೊಡೆತವನ್ನು ನುಂಗಬೇಕು, ಏರ್‌ಬ್ಯಾಗಿನ ಸೆನ್ಸರಿಗೆ ಆ ಹೊಡೆತ ಸರಿಯಾಗಿ ತಲುಪಬೇಕು. ಕಬ್ಬಿಣದ ಗಾರ್ಡ್ ಆ ಲೆಕ್ಕವನ್ನೆಲ್ಲ ಕೆಡಿಸುತ್ತದೆ. ಪಾದಚಾರಿಗೆ ತಗುಲಿದರೆ ಗಾಯವೂ ಘೋರ. ಬಹುಸ್ವರದ ಹಾರ್ನ್, ಕಣ್ಣು ಕುಕ್ಕುವ ಎಲ್‌ಇಡಿ ಬಲ್ಬ್, ಸದ್ದು ಮಾಡುವ ಸೈಲೆನ್ಸರ್ ಇವೂ ಅದೇ ಪಟ್ಟಿಗೆ. ಕರ್ನಾಟಕ ಪೊಲೀಸರು 2024ರ ಜುಲೈಯಿಂದ ಇಂಥ ಎಲ್‌ಇಡಿ ದೀಪಗಳ ಮೇಲೆ ಪ್ರಕರಣ ಹಾಕುವ ಅಭಿಯಾನವನ್ನೇ ನಡೆಸಿದರು.

ಕಾರಿನ ಬಣ್ಣ ಆರ್‌ಸಿಯಲ್ಲಿ ದಾಖಲಾಗಿರುತ್ತದೆ. ಬಿಳಿ ಕಾರಿಗೆ ನೀಲಿ ರ‍್ಯಾಪ್ ಹೊದಿಸಿದರೆ ಆರ್‌ಸಿ ಒಂದು ಹೇಳುತ್ತದೆ, ಕಾರು ಇನ್ನೊಂದು. ಸಿಎನ್‌ಜಿ ಕಿಟ್ ಜೋಡಿಸುವುದಕ್ಕೆ ಅನುಮೋದಿತ ಕಿಟ್, ಅಧಿಕೃತ ಜೋಡಣಾ ಕೇಂದ್ರ, ಆರ್‌ಟಿಒ ದಾಖಲೆ, ವಿಮೆಯಲ್ಲಿ ಸೇರ್ಪಡೆ ಎಲ್ಲವೂ ಬೇಕು. ಲೀಸ್ ಕಂಪನಿಯ ನಿರಾಕ್ಷೇಪಣಾ ಪತ್ರವಿಲ್ಲದೆ ಮೊದಲ ಅರ್ಜಿಯೇ ಮುಂದೆ ಹೋಗದು. ಎಂಜಿನ್ನಿನ ಕಂಪ್ಯೂಟರಿಗೆ ಹೊಸ ಪ್ರೋಗ್ರಾಂ ತುಂಬಿಸಿ ಶಕ್ತಿ ಹೆಚ್ಚಿಸುವುದನ್ನು ಯೋಚಿಸಲೂ ಬೇಡಿ. ಹಳೆಯದನ್ನು ಮತ್ತೆ ತುಂಬಿಸಿದರೂ ಅಧಿಕೃತ ವರ್ಕ್‌ಶಾಪಿನ ಸ್ಕ್ಯಾನರಿಗೆ ಅನೇಕ ಕಾರುಗಳಲ್ಲಿ ಅದರ ಸುಳಿವು ಸಿಗುತ್ತದೆ.

ಈ ಗೆರೆಯೊಳಗೆ ನಾನು ಒತ್ತಿ ಹೇಳಬೇಕೆನಿಸುವ ಒಂದು ಅಗತ್ಯವಿದೆ. ಅಂಗವೈಕಲ್ಯ ಇರುವವರಿಗೆ ಕೈಯಿಂದಲೇ ಬ್ರೇಕ್ ಮತ್ತು ಆಕ್ಸಿಲರೇಟರ್ ನಿಯಂತ್ರಿಸುವ ಜೋಡಣೆ ಶೋಕಿಯಲ್ಲ. ಅದಿಲ್ಲದೆ ಕಾರೇ ಇಲ್ಲ. ಇಂಥ ಹೊಂದಿಸಿದ ವಾಹನಕ್ಕೆ ಕಾಯ್ದೆಯಲ್ಲೇ ಪ್ರತ್ಯೇಕ ವ್ಯಾಖ್ಯೆಯಿದೆ. ನಿಮಗೋ ನಿಮ್ಮ ಮನೆಯವರಿಗೋ ಇದು ಬೇಕಿದ್ದರೆ ಸಹಿ ಹಾಕುವ ಮುನ್ನವೇ ಲೀಸ್ ಕಂಪನಿಯಿಂದ ಲಿಖಿತ ಒಪ್ಪಿಗೆ ಪಡೆಯಿರಿ, ಕೊನೆಯಲ್ಲಿ ಬಿಚ್ಚುವ ಖರ್ಚು ಯಾರದು ಎಂಬುದನ್ನೂ ಬರೆಸಿಕೊಳ್ಳಿ. ಕಾರು ಬಂದ ಮೇಲೆ ಕೇಳಿದರೆ ತಿಂಗಳುಗಟ್ಟಲೆ ಕಾರು ಗ್ಯಾರೇಜಿನಲ್ಲಿ ಸುಮ್ಮನೆ ನಿಲ್ಲಬೇಕಾಗಬಹುದು, ಕಂತಂತೂ ನಿಲ್ಲುವುದಿಲ್ಲ.

ನಾಲ್ಕನೆಯ ಹೆಜ್ಜೆ: ಅನುಮತಿ ಬರಹದಲ್ಲಿ

ಫೋನಿನಲ್ಲಿ ‘ಹಾಕಿಸಿ ಸರ್, ತೊಂದರೆಯಿಲ್ಲ’ ಎಂದವರು ನಾಲ್ಕು ವರ್ಷದ ನಂತರ ಆ ಕೆಲಸದಲ್ಲಿ ಇರುವುದಿಲ್ಲ. ಇಮೇಲ್ ಇರುತ್ತದೆ. ಡ್ಯಾಶ್‌ಕ್ಯಾಮ್, ಅಂದರೆ ರಸ್ತೆಯನ್ನು ರೆಕಾರ್ಡ್ ಮಾಡುವ ಕ್ಯಾಮೆರಾ, ಹಾಕಿಸುವುದಾದರೆ ಯಾವ ಭಾಷೆಯಲ್ಲಿ ಬರೆದರೂ ವಿಷಯ ಇಷ್ಟಿರಲಿ:

‘ನನ್ನ ವಶದಲ್ಲಿರುವ ಈ ನೋಂದಣಿ ಸಂಖ್ಯೆಯ ಕಾರಿಗೆ ಈ ಬ್ರ್ಯಾಂಡಿನ, ಈ ಮಾದರಿ ಸಂಖ್ಯೆಯ ಡ್ಯಾಶ್‌ಕ್ಯಾಮ್ ಹಾಕಿಸಲು ಬಯಸುತ್ತೇನೆ. ಕಾರಿನ ಯಾವುದೇ ಭಾಗಕ್ಕೆ ರಂಧ್ರ ಕೊರೆಯುವುದಿಲ್ಲ, ಮೂಲ ವೈರು ಕತ್ತರಿಸುವುದಿಲ್ಲ. ಲೀಸ್ ಮುಗಿಯುವಾಗ ತೆಗೆದು ಮೂಲ ಸ್ಥಿತಿಯಲ್ಲಿ ಒಪ್ಪಿಸುತ್ತೇನೆ. ಇದಕ್ಕೆ ಲಿಖಿತ ಅನುಮತಿ ಕೊಡಿ; ವಿಮೆಯಲ್ಲಿ ಸೇರಿಸುವ ಅಗತ್ಯವಿದ್ದರೆ ತಿಳಿಸಿ.’

ಕಚೇರಿಯ ಮೂಲಕ ಲೀಸ್ ಆಗಿದ್ದರೆ ಎಚ್‌ಆರ್ ವಿಭಾಗಕ್ಕೂ ಅದೇ ಪತ್ರದ ಪ್ರತಿ ಹೋಗಲಿ. ಉತ್ತರವನ್ನು ಸ್ವಂತ ಇಮೇಲ್‌ಗೂ ಕಳಿಸಿಟ್ಟುಕೊಳ್ಳಿ. ಕೆಲಸ ಬಿಟ್ಟ ದಿನ ಕಚೇರಿಯ ಇಮೇಲ್ ಮುಚ್ಚಿಹೋಗುತ್ತದೆ, ಕಾರಿನ ಲೆಕ್ಕ ತೀರುವುದು ಬಹುಮಟ್ಟಿಗೆ ಅದೇ ದಿನಗಳಲ್ಲಿ.

ವಿಮೆಯ ಪ್ರಶ್ನೆಯನ್ನು ಹಗುರವಾಗಿ ಎಣಿಸಬೇಡಿ. ಹೊರಗಿನಿಂದ ಹಾಕಿಸಿದ ಎಲೆಕ್ಟ್ರಾನಿಕ್ ಉಪಕರಣಕ್ಕೆ ಪಾಲಿಸಿಯಲ್ಲಿ ಪ್ರತ್ಯೇಕ ಸೇರ್ಪಡೆ ಇರುತ್ತದೆ. ಹಳೆಯ ವಿಮಾ ದರಪಟ್ಟಿಯಲ್ಲಿ ಅದಕ್ಕೆ ಉಪಕರಣದ ಮೌಲ್ಯದ ಶೇ. 4ರಷ್ಟು ಹೆಚ್ಚುವರಿ ಪ್ರೀಮಿಯಂ ಇತ್ತು. ಸೇರಿಸದಿದ್ದರೆ ಕಳುವಾದ ಉಪಕರಣದ ಹಣ ಬರುವುದಿಲ್ಲ. ಅದಕ್ಕಿಂತ ದೊಡ್ಡ ಅಪಾಯ, ಶಾರ್ಟ್ ಸರ್ಕ್ಯೂಟ್ ಆಗಿ ಕಾರೇ ಸುಟ್ಟರೆ ಸಮೀಕ್ಷಕರು ಮೊದಲು ಹುಡುಕುವುದು ಹೊರಗಿನ ವೈರಿಂಗನ್ನು. ಕ್ಲೇಮ್ ತಿರಸ್ಕೃತವಾದರೆ ಲೀಸ್ ಕಂಪನಿ ಇಡೀ ಕಾರಿನ ಮೌಲ್ಯವನ್ನು ನಿಮ್ಮ ಕಡೆಯಿಂದಲೇ ಕೇಳುತ್ತದೆ.

ಐದನೆಯ ಹೆಜ್ಜೆ: ಹಾಕಿಸುವ ದಿನ

ಮೊದಲು ಫೋಟೊ. ಕೆಲಸ ನಡೆಯುವ ಜಾಗದ ಹತ್ತಿರದ ಫೋಟೊ, ಇಡೀ ಕಾರಿನ ಫೋಟೊ, ಓಡೋಮೀಟರಿನ ಫೋಟೊ. ನಂತರ ಅಂಗಡಿಯವರಿಗೆ ಕೆಲಸ ಆರಂಭಿಸುವ ಮುನ್ನವೇ ‘ಡ್ರಿಲ್ ಬೇಡ, ವೈರ್ ಕಟ್ ಬೇಡ, ಕಪ್ಲರ್‌ನಲ್ಲೇ ಕೂರಿಸಿ’ ಎಂದು ಹೇಳಿ. ಕಾರಿನ ಆಕ್ಸೆಸರಿ ಅಂಗಡಿಗಳಿರುವ ಬೆಂಗಳೂರಿನ ಜೆ.ಸಿ. ರಸ್ತೆಯ ಯಾವ ಅಂಗಡಿಯಲ್ಲೂ ಈ ಮಾತು ಅರ್ಥವಾಗುತ್ತದೆ. ಕಪ್ಲರ್ ಎಂದರೆ ಕಾರಿನ ಮೂಲ ಸಾಕೆಟ್ಟಿಗೆ ನೇರವಾಗಿ ಕೂರುವ ಕೊಂಡಿ. ತೆಗೆದರೆ ಮೂಲ ವೈರು ಇದ್ದಂತೆಯೇ ಇರುತ್ತದೆ. ನಿಮ್ಮ ಕಾರಿನ ಮಾದರಿಗೆ ಕಪ್ಲರ್ ಸಿಗದಿದ್ದರೆ ಆ ವಸ್ತುವನ್ನೇ ಕೈಬಿಡಿ. ಕೆಲಸ ಮುಗಿಯುವವರೆಗೆ ಕಾರಿನ ಪಕ್ಕದಲ್ಲೇ ನಿಲ್ಲಿ. ನಾನು ನಿಂತಿರಲಿಲ್ಲ.

ಡ್ಯಾಶ್‌ಕ್ಯಾಮ್: ಇದು ಲೀಸ್ ಕಾರಿಗೆ ಹೇಳಿಮಾಡಿಸಿದ ಜೋಡಣೆ. 12 ವೋಲ್ಟ್ ಸಾಕೆಟ್ಟಿಗೆ ಚುಚ್ಚಿದರೆ ಸಾಕು. ಗಾಜಿನ ಅಂಚಿನ ಮೇಲೆ ವೈರು ಹಾಯಿಸಿ ಮುಂಭಾಗದ ಕಂಬದ ಬಳಿಗೆ ತರುವಾಗ ಒಂದು ಎಚ್ಚರ ಬೇಕು. ಆರು ಏರ್‌ಬ್ಯಾಗಿನ ಕಾರುಗಳಲ್ಲಿ ಆ ಕಂಬದ ಹೊದಿಕೆಯ ಒಳಗಡೆಯಿಂದಲೇ ಪಕ್ಕದ ಪರದೆ ಏರ್‌ಬ್ಯಾಗ್ ಹಾದುಹೋಗುತ್ತದೆ. ವೈರು ಅದರ ಹಿಂಬದಿಯಿಂದ ಹೋಗಬೇಕು. ಮುಂದೆ ಅಡ್ಡವಾಗಿ ಹೋದರೆ ಏರ್‌ಬ್ಯಾಗ್ ಬಿಚ್ಚಿಕೊಳ್ಳುವಾಗ ವೈರನ್ನೂ ಕ್ಯಾಮೆರಾವನ್ನೂ ಮುಖದ ಕಡೆಗೆ ಎಸೆಯಬಹುದು. ಕಾರು ನಿಂತಾಗಲೂ ರೆಕಾರ್ಡ್ ಮಾಡುವ ಸೌಲಭ್ಯವಿದ್ದರೆ, ಬ್ಯಾಟರಿ ಇಳಿಯುವ ಮೊದಲು ತಾನೇ ಆರುವ ಮಾದರಿಯನ್ನು ಆರಿಸಿ.

ಸೀಟ್ ಕವರ್: ಸೀಟಿನ ಪಕ್ಕದಲ್ಲಿ ‘ಏರ್‌ಬ್ಯಾಗ್’ ಎಂಬ ಚಿಕ್ಕ ಪಟ್ಟಿ ಇದೆಯೇ ನೋಡಿ. ಇದ್ದರೆ ಆ ಬದಿಯಲ್ಲಿ ಹರಿಯುವಂತೆ ವಿಶೇಷ ಹೊಲಿಗೆ ಹಾಕಿದ ಕವರನ್ನೇ ಕೊಳ್ಳಿ. ಬಿಗಿಯಾದ ಸಾಮಾನ್ಯ ಕವರ್ ಆ ಏರ್‌ಬ್ಯಾಗನ್ನು ಕಟ್ಟಿಹಾಕಿದಂತೆ. ಮ್ಯಾಟಿನ ಮೇಲೆ ಮ್ಯಾಟ್ ಹಾಸಬೇಡಿ, ಮೇಲಿನದು ಜಾರಿ ಆಕ್ಸಿಲರೇಟರಿನ ಕೆಳಗೆ ಸಿಕ್ಕಿಕೊಳ್ಳುತ್ತದೆ.

ಡ್ಯಾಶ್‌ಬೋರ್ಡಿನ ಗಣಪತಿ: ನಮ್ಮಲ್ಲಿ ಕಾರಿಗೆ ಮೊದಲು ಬರುವ ಜೋಡಣೆ ಇದೇ, ಬರಲಿ. ಎಡಬದಿಯ ಏರ್‌ಬ್ಯಾಗಿನ ಮುಚ್ಚಳದ ಮೇಲೆ ಮಾತ್ರ ಕೂರಿಸಬೇಡಿ. ಅದು ಕ್ಷಣಾರ್ಧದಲ್ಲಿ ಸ್ಫೋಟದ ವೇಗದಿಂದ ತೆರೆಯುತ್ತದೆ, ಮೇಲಿರುವ ಲೋಹದ ಮೂರ್ತಿ ಪಕ್ಕದಲ್ಲಿ ಕುಳಿತವರ ಮುಖಕ್ಕೆ ಅಪ್ಪಳಿಸುತ್ತದೆ. ನಡುಭಾಗದಲ್ಲಿ, ಹಗುರವಾದ ಮೂರ್ತಿ, ತೆಗೆಯಬಲ್ಲ ಅಂಟಿನಲ್ಲಿ.

ಹಿಂಬದಿಯ ಕ್ಯಾಮೆರಾ: ಹಿಂದಿನ ಪಾರ್ಕಿಂಗ್ ಸೆನ್ಸರ್ 2019ರ ಜುಲೈ 1ರಿಂದ ತಯಾರಾದ ಕಾರುಗಳಲ್ಲಿ ಕಡ್ಡಾಯವಾಗಿರುವುದರಿಂದ ಅದಕ್ಕಾಗಿ ಬಂಪರ್ ಕೊರೆಸುವ ಅಗತ್ಯ ಈಗಿಲ್ಲ. ಕ್ಯಾಮೆರಾ ಬೇಕೇ ಬೇಕೆಂದರೆ ನಂಬರ್ ಪ್ಲೇಟಿನ ದೀಪದ ಜಾಗದಲ್ಲೇ ಕೂರುವ, ನಿಮ್ಮ ಮಾದರಿಗೆಂದೇ ಮಾಡಿದ ಕ್ಯಾಮೆರಾ ಹುಡುಕಿ. ವೈರು ಡಿಕ್ಕಿ ಬಾಗಿಲಿನ ಮೂಲ ರಬ್ಬರ್ ಕೊಳವೆಯೊಳಗಿಂದಲೇ ಹೋಗಲಿ. ತೆಗೆದ ಮೂಲ ದೀಪವನ್ನು ಎಸೆಯಬೇಡಿ.

ಹೆಡ್‌ಲೈಟ್ ಬಲ್ಬ್: ಸಾಮಾನ್ಯ ಎಚ್4 ಬಲ್ಬ್ 60/55 ವ್ಯಾಟ್. ಅದರ ಜಾಗಕ್ಕೆ 100/90 ಹಾಕಿದರೆ 12 ವೋಲ್ಟಿನಲ್ಲಿ 5 ಆಂಪಿಯರ್ ಹರಿಯುತ್ತಿದ್ದ ವೈರಿನಲ್ಲಿ 8.3 ಆಂಪಿಯರ್ ಹರಿಯುತ್ತದೆ. ವೈರು ಬಿಸಿಯಾಗುತ್ತದೆ, ಹೋಲ್ಡರ್ ಕರಗುತ್ತದೆ, ಪ್ರತಿಫಲಕದ ಹೊಳಪು ಹೋಗುತ್ತದೆ. ಇದಕ್ಕೆ ಬದಲು ಮಸುಕಾದ ದೀಪದ ಮುಖವನ್ನು ಹೊಳಪು ಮಾಡಿಸಿ, ಎತ್ತರ ಸರಿಪಡಿಸಿಸಿ. ರಾತ್ರಿಯ ನೋಟ ಎಷ್ಟೋ ಸುಧಾರಿಸುತ್ತದೆ.

ಚಕ್ರ ಮತ್ತು ಟೈರ್: ಅತಿ ಹೆಚ್ಚು ಜನ ಆಸೆಪಡುವುದು ಇದಕ್ಕೆ, ಹಾಗಾಗಿ ಲೆಕ್ಕ ಬಿಡಿಸಿ ಹೇಳುತ್ತೇನೆ. 185/65 ಆರ್15 ಎಂದರೆ ಟೈರಿನ ಅಗಲ 185 ಮಿ.ಮೀ., ಗೋಡೆಯ ಎತ್ತರ ಅದರ ಶೇ. 65, ರಿಮ್ 15 ಇಂಚು. ಗೋಡೆ 120.25 ಮಿ.ಮೀ.; ಅದರ ಇಮ್ಮಡಿಗೆ ರಿಮ್ಮಿನ 381 ಮಿ.ಮೀ. ಕೂಡಿಸಿದರೆ ಒಟ್ಟು ವ್ಯಾಸ 621.5 ಮಿ.ಮೀ. ಈಗ 195/55 ಆರ್16 ಲೆಕ್ಕ ಹಾಕಿ: 107.25ರ ಇಮ್ಮಡಿ 214.5, ರಿಮ್ 406.4, ಒಟ್ಟು 620.9. ಹೆಚ್ಚುಕಡಿಮೆ ಒಂದೇ. ವ್ಯಾಸದ ವ್ಯತ್ಯಾಸ ಕಡಿಮೆಯಿದ್ದಷ್ಟೂ ಸ್ಪೀಡೋಮೀಟರ್, ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ಎಲ್ಲವೂ ಮೂಲ ಲೆಕ್ಕದಲ್ಲೇ ನಡೆಯುತ್ತವೆ. ಅತ್ಯಂತ ಸುರಕ್ಷಿತ ಆಯ್ಕೆಯೆಂದರೆ ಅದೇ ಕಾರಿನ ಮೇಲಿನ ಮಾದರಿಗೆ ತಯಾರಕರೇ ಕೊಟ್ಟಿರುವ ಅಳತೆ. ಭಾರ ಹೊರುವ ಸಂಖ್ಯೆ ಮತ್ತು ವೇಗದ ಅಕ್ಷರ ಮೂಲ ಟೈರಿಗಿಂತ ಕಡಿಮೆ ಇರಬಾರದು. ರಿಮ್ಮಿನ ನಡುವಿನ ರಂಧ್ರ ಕಾರಿನ ಕಡೆಯ ಹಬ್ ಭಾಗಕ್ಕೆ (ಚಕ್ರ ಕೂರುವ ನಡುಗುಂಬಕ್ಕೆ) ಸರಿಯಾಗಿ ಕೂರಬೇಕು, ಇಲ್ಲದಿದ್ದರೆ 80 ಕಿ.ಮೀ. ವೇಗ ದಾಟಿದಾಗ ಸ್ಟೀರಿಂಗ್ ನಡುಗುತ್ತದೆ. ನಟ್ಟುಗಳನ್ನು ಎದುರುಬದುರು ಕ್ರಮದಲ್ಲಿ, ಎಷ್ಟು ಬಲದಿಂದ ಬಿಗಿಯಿತು ಎಂದು ಅಳೆಯುವ ಟಾರ್ಕ್ ಸ್ಪ್ಯಾನರಿನಿಂದ ಬಿಗಿಯಬೇಕು. 50ರಿಂದ 100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಬೇಕು.

ಮೂಲ ಚಕ್ರಗಳನ್ನು ಅಂಗಡಿಯವರಿಗೆ ವಿನಿಮಯಕ್ಕೆ ಕೊಡಬೇಡಿ. ಅವು ನಿಮ್ಮವಲ್ಲ. ಮನೆಯಲ್ಲಿ ಬಿಸಿಲು ಬೀಳದ ಜಾಗವಿದ್ದರೆ ಇಡಿ. ಅಪಾರ್ಟ್‌ಮೆಂಟಿನಲ್ಲಿ ನಾಲ್ಕು ಚಕ್ರಗಳಿಗೆ ಜಾಗ ಇಲ್ಲದಿದ್ದರೆ ಈ ಆಸೆಯನ್ನು ಬಿಟ್ಟುಬಿಡಿ.

ಬಣ್ಣ ಕಾಯುವ ಪಾರದರ್ಶಕ ಫಿಲ್ಮ್ ಒಳ್ಳೆಯದೇ. ಆದರೆ ಮತ್ತೆ ಬಣ್ಣ ಹೊಡೆಸಿದ ಭಾಗದ ಮೇಲೆ ಹಾಕಿಸಿದರೆ ತೆಗೆಯುವಾಗ ಬಣ್ಣವೂ ಕಿತ್ತು ಬರಬಹುದು. ವಿದ್ಯುತ್ ಕಾರಾದರೆ ಕಿತ್ತಳೆ ಬಣ್ಣದ ವೈರುಗಳ ಹತ್ತಿರ ಯಾವ ಆಕ್ಸೆಸರಿ ಅಂಗಡಿಯವರೂ ಕೈಯಿಡಬಾರದು, ಅವು ಪ್ರಾಣಾಪಾಯದ ವೋಲ್ಟೇಜಿನವು. ಲೀಸ್ ಕಂಪನಿ ತನ್ನ ಜಿಪಿಎಸ್ ಸಾಧನವನ್ನು ಡ್ಯಾಶ್‌ಬೋರ್ಡಿನ ಕೆಳಗೆ ಕೂರಿಸಿದ್ದರೆ ಅದನ್ನು ಕೀಳಬೇಡಿ.

ಆರನೆಯ ಹೆಜ್ಜೆ: ಒಂದು ಪೆಟ್ಟಿಗೆ

ತೆಗೆದ ಪ್ರತಿಯೊಂದು ಮೂಲ ವಸ್ತುವನ್ನೂ, ಸ್ಕ್ರೂ ಮತ್ತು ಕ್ಲಿಪ್ ಸಹಿತ, ಚೀಟಿ ಬರೆದ ಚೀಲದಲ್ಲಿ ಹಾಕಿ ಒಂದು ಪೆಟ್ಟಿಗೆಯಲ್ಲಿಡಿ. ಬಿಲ್ಲುಗಳು, ಅನುಮತಿ ಪತ್ರದ ಮುದ್ರಿತ ಪ್ರತಿ ಅದರಲ್ಲೇ ಇರಲಿ. ಕಾರಿನ ಮೂಲ ಸ್ಟೀರಿಯೊ ನಾಲ್ಕು ವರ್ಷದ ನಂತರ ಕಾಣೆಯಾದರೆ ಹೊಸದರ ಬೆಲೆ ಕೇಳಿ ಎದೆ ಒಡೆಯುತ್ತದೆ.

ಏಳನೆಯ ಹೆಜ್ಜೆ: ಒಪ್ಪಿಸುವ ಮುನ್ನ

ಲೀಸ್ ಮುಗಿಯುವ ಎರಡು ತಿಂಗಳ ಮೊದಲೇ ಕೆಲಸ ಆರಂಭಿಸಿ. ಡ್ಯಾಶ್‌ಬೋರ್ಡಿನ ಅಥವಾ ಬಾಗಿಲಿನ ಮೇಲಿನ ಅಂಟುಪಟ್ಟಿಯನ್ನು ಉಗುರಿನಿಂದ ಕೀಳಬೇಡಿ. ಕೂದಲು ಒಣಗಿಸುವ ಯಂತ್ರದಿಂದ ಒಂದೆರಡು ನಿಮಿಷ ಬೆಚ್ಚಗೆ ಮಾಡಿ, ಮೀನು ಹಿಡಿಯುವ ದಾರದಂಥ ಗಟ್ಟಿ ನೈಲಾನ್ ದಾರವನ್ನು ಹಿಂದಿನಿಂದ ಗರಗಸದಂತೆ ಎಳೆದರೆ ಅಂಟು ಸೀಳಿ ಬರುತ್ತದೆ. ಉಳಿದ ಅಂಟಿಗೆ ಅಂಟು ತೆಗೆಯುವ ದ್ರಾವಣವನ್ನು ಬಟ್ಟೆಯಲ್ಲಿ ಅದ್ದಿ ಒರೆಸಿ. ಮೊದಲು ಕಾಣದ ಮೂಲೆಯಲ್ಲಿ ಪರೀಕ್ಷಿಸಿ. ಹಿಂದಿನ ಗಾಜಿನ ಮೇಲೆ ಮಕ್ಕಳ ಹೆಸರನ್ನೋ ಊರಿನ ಹೆಸರನ್ನೋ ಹೊರಗಡೆ ಅಂಟಿಸಿದ್ದರೆ ಸುಲಭ. ಒಳಗಡೆ ಅಂಟಿಸಿದ್ದರೆ ಬ್ಲೇಡ್ ಬಳಸಲೇಬೇಡಿ. ಮಂಜು ಕರಗಿಸುವ ತೆಳು ಕೆಂಪು ಗೆರೆಗಳು ಒಳಮೈಯಲ್ಲೇ ಇರುತ್ತವೆ, ಒಂದು ಗೆರೆ ತುಂಡಾದರೂ ಆ ಸಾಲು ಕೆಲಸ ಮಾಡುವುದಿಲ್ಲ.

ಮೂಲ ವಸ್ತುಗಳನ್ನು ಜೋಡಿಸಿದ ಮೇಲೆ ಕನಿಷ್ಠ ಒಂದು ವಾರ ಕಾರು ಓಡಿಸಿ. ಎಚ್ಚರಿಕೆಯ ದೀಪ ಯಾವುದಾದರೂ ಹೊತ್ತುತ್ತದೆಯೇ, ಸ್ಟೀರಿಂಗ್ ಮೇಲಿನ ಗುಂಡಿಗಳು ಕೆಲಸ ಮಾಡುತ್ತವೆಯೇ ಎಂಬುದು ಆಗಲೇ ತಿಳಿಯುವುದು. ಒಪ್ಪಿಸುವ ದಿನ ಕಾರು ತೊಳೆಸಿ, ಹಗಲು ಬೆಳಕಿನಲ್ಲಿ, ಪರಿಶೀಲಕರ ಜೊತೆಗೇ ಸುತ್ತುಹಾಕಿ. ಅವರು ಬರೆದ ವರದಿಯ ಪ್ರತಿ ಕೈಗೆ ಬರುವವರೆಗೆ ಕೀಲಿ ಕೊಡಬೇಡಿ.

ಅವಧಿ ಮುಗಿದಾಗ ಉಳಿಕೆ ಮೌಲ್ಯ ಕೊಟ್ಟು ಕಾರನ್ನು ನೀವೇ ಕೊಳ್ಳುವ ಯೋಚನೆಯಿದ್ದರೆ, ಈ ಬಿಚ್ಚುವ ಕೆಲಸವೇ ಬೇಕಿಲ್ಲ ಎಂದುಕೊಳ್ಳಬೇಡಿ. ಕೆಲಸ ಬದಲಾಗಬಹುದು, ಆ ಹಣ ಬೇರೆಡೆ ಬೇಕಾಗಬಹುದು; ನನಗೆ ಹಾಗೆಯೇ ಆಯಿತು. ದೊಡ್ಡ ಬದಲಾವಣೆಯನ್ನೆಲ್ಲ ಕೊಂಡ ಮೇಲೆಯೇ ಇಟ್ಟುಕೊಳ್ಳಿ. ನಮೂನೆ 29 ಮತ್ತು 30 ಮೂಲಕ ಮಾಲೀಕತ್ವ ವರ್ಗಾವಣೆ ಆಗಬೇಕು, ಆರ್‌ಸಿಯಲ್ಲಿ ಲೀಸ್ ನಮೂದಾಗಿದ್ದರೆ ನಮೂನೆ 35ರಿಂದ ಅದನ್ನು ತೆಗೆಸಬೇಕು, ವಿಮೆಯ ಪಾಲಿಸಿಯೂ ನಿಮ್ಮ ಹೆಸರಿಗೆ ಬರಬೇಕು. ಹೊಸ ಆರ್‌ಸಿ ಕೈಗೆ ಬಂದ ಮೇಲೆ ಜೆ.ಸಿ. ರಸ್ತೆಗೆ ಹೋಗಿ, ಕಾರಿನ ಪಕ್ಕದಲ್ಲೇ ನಿಂತು, ಬೇಕಾದ ಚಕ್ರ ಹಾಕಿಸಿಕೊಳ್ಳಿ.